ಬಿಗಿದ ಎದೆಯವನ ಪ್ರಾಣಾಯಾಮ: ಬಿ.ಕೆ.ಎಸ್. ಅಯ್ಯಂಗಾರ್ ಪ್ರಕರಣ

ಪ್ರಾಣಾಯಾಮ ಮಾಡಿದರೆ ಶ್ವಾಸಕೋಶ ಗಟ್ಟಿಯಾಗುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಹಾಗಾದರೆ ಶ್ವಾಸಕೋಶವೇ ಸೋತಿರುವ ಹುಡುಗನಿಗೆ ಮೊದಲ ದಿನವೇ ಅದನ್ನು ಹೇಳಿಕೊಡಬೇಕಿತ್ತು, ಅಲ್ವಾ? 1934ರಲ್ಲಿ ಮೈಸೂರಿಗೆ ಬಂದ ಒಬ್ಬ ಹುಡುಗನ ವಿಷಯದಲ್ಲಿ ಆದದ್ದು ಉಲ್ಟಾ. ಯೋಗ ಕಲಿಸಿದ ಗುರು, ಅದೂ ಸ್ವಂತ ಭಾವ, ಆಸನಗಳನ್ನು ಕಲಿಸಿದರು. ಪ್ರಾಣಾಯಾಮದ ಮಾತು ಬಂದರೆ ಮಾತ್ರ ನಿನಗೆ ಆಗಲ್ಲ ಎಂದರು. ಹುಡುಗ ದೊಡ್ಡವನಾಗಿ, ಪುಣೆಯಲ್ಲಿ ಮೇಷ್ಟ್ರಾಗಿ, ಮತ್ತೆ ಬಂದು ಕೇಳಿದಾಗಲೂ ಅದೇ ಉತ್ತರ.

ಆ ಹುಡುಗ ಬಿ.ಕೆ.ಎಸ್. ಅಯ್ಯಂಗಾರ್. ಭಾವ ತಿರುಮಲೈ ಕೃಷ್ಣಮಾಚಾರ್ಯ. ಅಯ್ಯಂಗಾರರ ಆಸನಗಳ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ. ಫೋಟೋ ಕೂಡ ಎಲ್ಲರೂ ನೋಡಿದ್ದಾರೆ. ನನಗೆ ಅದಕ್ಕಿಂತ ಜಾಸ್ತಿ ಕುತೂಹಲ ಅವರ ಉಸಿರಿನ ಕಥೆಯ ಬಗ್ಗೆ. ಅದು ಸುಮಾರು ಇಪ್ಪತ್ತು ವರ್ಷ ಸರಿಹೋಗಲೇ ಇಲ್ಲ. ಯಾಕೆ ಹೋಗಲಿಲ್ಲ, ಕೊನೆಗೆ ಹೇಗೆ ಹೋಯಿತು ಅನ್ನುವುದನ್ನು ಬಿಡಿಸಿ ನೋಡಿದರೆ, ಇವತ್ತು ಮೊಬೈಲ್ ನೋಡಿಕೊಂಡು ಭಸ್ತ್ರಿಕಾ (ತಿದಿ ಊದಿದ ಹಾಗೆ ಜೋರಾಗಿ ಉಸಿರಾಡುವುದು) ಶುರು ಮಾಡುವವರಿಗೆ ಬೇಕಾದ ವಿಷಯ ಅದರಲ್ಲಿ ತುಂಬಾ ಇದೆ.

ಮೈಸೂರಿಗೆ ಬಂದಾಗಿನ ಸ್ಥಿತಿ

ಹುಟ್ಟಿದ್ದು 1918ರ ಡಿಸೆಂಬರ್ 14, ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ. ಅದು ಇನ್‌ಫ್ಲುಯೆಂಜಾ ಊರೂರನ್ನೇ ಗುಡಿಸಿ ಹಾಕಿದ ವರ್ಷ. ತಾಯಿಗೂ ಬಸುರಿಯಾಗಿದ್ದಾಗ ಆ ಜ್ವರ ಬಂದಿತ್ತು. ಹದಿಮೂರು ಮಕ್ಕಳಲ್ಲಿ ಇವರು ಹನ್ನೊಂದನೆಯವರು. ತಂದೆ ಶಾಲಾ ಮೇಷ್ಟ್ರು, ಹುಡುಗನಿಗೆ ಒಂಬತ್ತು ವರ್ಷ ಇದ್ದಾಗ ತೀರಿಕೊಂಡರು. ಆಮೇಲೆ ಅಣ್ಣಂದಿರ ಆಸರೆ, ಅರೆಹೊಟ್ಟೆ, ಸಾಲಾಗಿ ಮಲೇರಿಯಾ, ಟೈಫಾಯ್ಡ್, ಕ್ಷಯ. ಕೈಕಾಲು ಕಡ್ಡಿ, ಹೊಟ್ಟೆ ಮುಂದಕ್ಕೆ, ತಲೆ ಎತ್ತಿ ಹಿಡಿಯುವುದಕ್ಕೂ ಕಷ್ಟ ಅಂತ ಅವರೇ ತಮ್ಮ ಬಾಲ್ಯದ ಚಿತ್ರ ಕೊಟ್ಟಿದ್ದಾರೆ.

ಕ್ಷಯ ಅಂದರೆ ಆಗ ಏನು ಅನ್ನುವುದನ್ನು ನೆನಪಿಟ್ಟುಕೊಳ್ಳಬೇಕು. ಅದಕ್ಕೆ ಔಷಧಿಯೇ ಇರಲಿಲ್ಲ. ಸ್ಟ್ರೆಪ್ಟೊಮೈಸಿನ್ ಸಿಕ್ಕಿದ್ದು 1943ರಲ್ಲಿ. ಅಲ್ಲಿಯವರೆಗೆ ಒಳ್ಳೆ ಗಾಳಿ, ವಿಶ್ರಾಂತಿ, ಹಾಲು, ದೇವರು. ಮೈಸೂರು ಅರಮನೆಯೂ ಇದರಿಂದ ತಪ್ಪಿಸಿಕೊಂಡಿರಲಿಲ್ಲ. ನಾಲ್ವಡಿಯವರ ಅಕ್ಕತಂಗಿಯರಲ್ಲಿ ಒಬ್ಬರಾದ ಕೃಷ್ಣಾಜಮ್ಮಣ್ಣಿ ಕ್ಷಯದಿಂದಲೇ ಹೋದರು. ಮೈಸೂರಿನವರು ಇವತ್ತಿಗೂ ಪಿಕೆಟಿಬಿ ಎಂದು ಕರೆಯುವ ಆಸ್ಪತ್ರೆ ಅವರ ಹೆಸರಿನದು. ಕಾಯಿಲೆ ವಾಸಿಯಾದರೂ ಶ್ವಾಸಕೋಶದಲ್ಲಿ ಗಾಯದ ಕಲೆ ಉಳಿಯುತ್ತದೆ. ಕಲೆ ಬಿದ್ದ ಜಾಗ ಹಿಗ್ಗುವುದಿಲ್ಲ. ಅದರ ಮೇಲೆ ವರ್ಷಗಟ್ಟಲೆ ಕೆಮ್ಮಿ ಕೆಮ್ಮಿ ಬೆನ್ನು ಗೂನಾಗಿ, ಪಕ್ಕೆಲುಬುಗಳ ನಡುವಿನ ಸ್ನಾಯು ಬಿಗಿದುಕೊಂಡಿದ್ದರೆ ಎದೆಗೂಡು ಮುಚ್ಚಿದ ಡಬ್ಬಿಯೇ.

1934ರಲ್ಲಿ ಭಾವ ಉತ್ತರದ ಕಡೆ ಹೊರಟಿದ್ದರು. ತಾನು ಬರುವ ತನಕ ಅಕ್ಕನ ಜೊತೆ ಇರು ಎಂದು ಹುಡುಗನನ್ನು ಮೈಸೂರಿಗೆ ಕರೆಸಿಕೊಂಡರು. ಕೃಷ್ಣಮಾಚಾರ್ಯರ ಯೋಗಶಾಲೆ ಇದ್ದದ್ದು ಜಗನ್ಮೋಹನ ಅರಮನೆಯಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ್ ಆಶ್ರಯದಲ್ಲಿ. ಹುಡುಗನಿಗೆ ಯೋಗ ಕಲಿಸುವ ಯೋಚನೆ ಮೊದಲು ಅವರಿಗೆ ಅಷ್ಟಾಗಿ ಇರಲಿಲ್ಲ. ಮನೆಗೆಲಸ, ಗಿಡಕ್ಕೆ ನೀರು, ಅಷ್ಟೇ. ನೆಚ್ಚಿನ ಶಿಷ್ಯನೊಬ್ಬ ಒಂದು ದೊಡ್ಡ ಪ್ರದರ್ಶನಕ್ಕೆ ಮುಂಚೆ ಓಡಿಹೋದ. ಆಗ ಬದಲಿಗೆ ಸಿಕ್ಕವನು ಈ ಬಡಕಲು ಮೈದುನ. ಕೆಲವೇ ದಿನಗಳಲ್ಲಿ ಕಷ್ಟದ ಆಸನಗಳನ್ನು ಕಲಿಸಿ ವೇದಿಕೆ ಹತ್ತಿಸಿದರು. ಅಂದರೆ ಇವರ ಯೋಗ ಆರೋಗ್ಯಕ್ಕಾಗಿ ಶುರುವಾದದ್ದಕ್ಕಿಂತ ಹೆಚ್ಚಾಗಿ ಪ್ರದರ್ಶನಕ್ಕಾಗಿ ಶುರುವಾಯಿತು. ಮುಂದಿನ ತೊಂದರೆಗೆ ಇದೂ ಒಂದು ಕಾರಣ ಅಂತ ನನ್ನ ಅನಿಸಿಕೆ.

ಭಾವ ಬೇಡ ಎಂದದ್ದು

1937ರಲ್ಲಿ ಅಯ್ಯಂಗಾರ್ ಪುಣೆಗೆ ಹೋದರು. ಡೆಕ್ಕನ್ ಜಿಮ್‌ಖಾನಾದಲ್ಲಿ ಆರು ತಿಂಗಳ ಮಟ್ಟಿಗೆ ಕಲಿಸುವ ಕೆಲಸ. ಮರಾಠಿ ಬರುತ್ತಿರಲಿಲ್ಲ, ಕಲಿಯಲು ಬಂದವರೆಲ್ಲ ಇವರಿಗಿಂತ ಗಟ್ಟಿಮುಟ್ಟು. ಆರು ತಿಂಗಳು ಮುಗಿದ ಮೇಲೂ ಅಲ್ಲೇ ಉಳಿದರು. ಹೊಟ್ಟೆಪಾಡು ಕಷ್ಟದಲ್ಲೇ ನಡೆಯಿತು.

1941ರಲ್ಲಿ ಮೈಸೂರಿಗೆ ಬಂದು ಪ್ರಾಣಾಯಾಮ ಹೇಳಿಕೊಡಿ ಎಂದು ಕೇಳಿದರು. ನಿನ್ನ ಎದೆಗೆ, ಶ್ವಾಸಕೋಶಕ್ಕೆ ಅದು ಆಗದು ಎಂಬ ಉತ್ತರ ಬಂತು. 1943ರಲ್ಲಿ ಮತ್ತೆ ಬಂದರು. ಈ ಸಲ ಬಾಯಿಬಿಟ್ಟು ಕೇಳುವ ಮುಂಚೆ ಒಂದು ಉಪಾಯ ಮಾಡಿದರು. ಗುರುಗಳು ಆಸನ ಒಂದು ದಿನ ಮಾಡಿದರೆ ಒಂದು ದಿನ ಬಿಡುತ್ತಿದ್ದರು. ಬೆಳಗಿನ ಪ್ರಾಣಾಯಾಮ ಮಾತ್ರ ತಪ್ಪುತ್ತಿರಲಿಲ್ಲ. ಶಿಷ್ಯ ಕಿಟಕಿಯಿಂದ ಕದ್ದು ನೋಡತೊಡಗಿದ. ಎಲ್ಲಿ ಕೂರುತ್ತಾರೆ, ಬೆನ್ನು ಹೇಗೆ ನೆಟ್ಟಗೆ ಮಾಡುತ್ತಾರೆ, ಹೊಟ್ಟೆ ಎಷ್ಟು ಒಳಗೆ ಹೋಗುತ್ತದೆ, ರೆಪ್ಪೆ ಹೇಗೆ ಮುಚ್ಚಿಕೊಳ್ಳುತ್ತದೆ, ಮುಖದ ಸ್ನಾಯು ಬಿಗಿಯುತ್ತದಾ ಸಡಿಲ ಇರುತ್ತದಾ, ಉಸಿರಿನ ಸದ್ದು ಹೇಗಿದೆ. ಇಷ್ಟನ್ನು ದಿನಾ ಗಮನಿಸಿ, ಧೈರ್ಯ ಮಾಡಿ ಮತ್ತೆ ಕೇಳಿದರು. ಈ ಜನ್ಮದಲ್ಲಿ ನಿನಗೆ ಅದು ಸಾಧ್ಯವಿಲ್ಲ ಎನ್ನುವ ಅರ್ಥದ ಮಾತು ಬಂತು.

ಇದನ್ನು ಓದಿದವರು ಸಾಮಾನ್ಯವಾಗಿ ಗುರುವಿನ ಮೇಲೆ ಸಿಟ್ಟಾಗುತ್ತಾರೆ. ಕೃಷ್ಣಮಾಚಾರ್ಯರ ಸಿಟ್ಟು ಸೆಡವು ಎಲ್ಲರಿಗೂ ಗೊತ್ತಿದ್ದದ್ದೇ. ಆದರೆ ವಿದ್ಯೆ ಬಚ್ಚಿಡುವ ಜನ ಅಲ್ಲ ಅವರು. ಮೈದುನ ಮೈಸೂರಿಗೆ ಬಂದ ಅದೇ 1934ರಲ್ಲಿ ಅವರ 'ಯೋಗ ಮಕರಂದ' ಅಚ್ಚಾಗಿತ್ತು. ಅದೂ ಕನ್ನಡದಲ್ಲಿ. ಒಂದೊಂದು ಆಸನದ ಜೊತೆಗೂ ಎಲ್ಲಿ ಉಸಿರು ಎಳೆಯಬೇಕು, ಎಲ್ಲಿ ಬಿಡಬೇಕು, ಎಲ್ಲಿ ನಿಲ್ಲಿಸಬೇಕು ಅಂತ ಬರೆದಿದ್ದಾರೆ. ಕನ್ನಡ ಓದಲು ಬಂದ ಯಾರು ಬೇಕಾದರೂ ಕೊಂಡು ಓದಬಹುದಿತ್ತು. ಹೀಗಿರುವಾಗ ಈ ಒಬ್ಬನಿಗೆ ಮಾತ್ರ ಬೇಡ ಎಂದದ್ದಕ್ಕೆ ದೇಹದ ಕಾರಣವೇ ಇರಬೇಕು.

ಆ ಕಾರಣ ಏನಿರಬಹುದು ಎಂಬುದಕ್ಕೆ ಗುರುವಿನ ಎದೆಯ ಮೇಲೇ ನಡೆದ ಒಂದು ಪರೀಕ್ಷೆ ಸುಳಿವು ಕೊಡುತ್ತದೆ. 1930ರ ದಶಕದ ನಡುವೆ ಫ್ರಾನ್ಸಿನ ಹೃದ್ರೋಗ ತಜ್ಞೆ ತೆರೇಸ್ ಬ್ರೋಸ್ ಇಸಿಜಿ ಯಂತ್ರ ಹೊತ್ತುಕೊಂಡು ಭಾರತಕ್ಕೆ ಬಂದು ಯೋಗಿಗಳನ್ನು ಪರೀಕ್ಷಿಸಿದರು. ಕೃಷ್ಣಮಾಚಾರ್ಯರೂ ಅವರಲ್ಲಿ ಒಬ್ಬರು. ಯೋಗಿ ಉಸಿರು ಕಟ್ಟಿದಾಗ ಹೃದಯವೇ ನಿಂತಂತಾಗುತ್ತದೆ ಎಂದು ದೊಡ್ಡ ಸುದ್ದಿಯಾಯಿತು. ಆಮೇಲೆ ವೆಂಗರ್, ಬಾಗ್ಚಿ, ಆನಂದ್ ಎಂಬ ಮೂವರು ವಿಜ್ಞಾನಿಗಳು ಮತ್ತೆ ಪರೀಕ್ಷೆ ಮಾಡಿ 1961ರಲ್ಲಿ ವಿವರ ಪ್ರಕಟಿಸಿದರು. ಹೃದಯ ನಿಲ್ಲುವುದಿಲ್ಲ. ಉಸಿರು ಕಟ್ಟಿ, ಹೊಟ್ಟೆ ಮತ್ತು ಎದೆಯ ಸ್ನಾಯುಗಳನ್ನು ಬಿಗಿಹಿಡಿದಾಗ ಎದೆಯೊಳಗಿನ ಒತ್ತಡ ಏರುತ್ತದೆ. ಹೃದಯಕ್ಕೆ ವಾಪಸ್ ಬರುವ ರಕ್ತ ಕಡಿಮೆಯಾಗುತ್ತದೆ. ಕೈಯ ನಾಡಿ ಸಿಗದಷ್ಟು ಕ್ಷೀಣವಾಗುತ್ತದೆ. ಹೃದಯ ಮಾತ್ರ ಬಡಿಯುತ್ತಲೇ ಇರುತ್ತದೆ. ಪವಾಡ ಹೋಯಿತು ನಿಜ. ಆದರೆ ಕುಂಭಕ, ಅಂದರೆ ಉಸಿರು ಕಟ್ಟಿ ಹಿಡಿಯುವುದು, ಎದೆಯೊಳಗೆ ಎಷ್ಟು ಒತ್ತಡ ಹಾಕಬಲ್ಲದು ಎನ್ನುವುದು ಗೊತ್ತಾಯಿತಲ್ಲ. ಆ ಒತ್ತಡ ಏನು ಅಂತ ತನ್ನ ಮೈಯಲ್ಲೇ ಬಲ್ಲ ಮನುಷ್ಯ, ಕ್ಷಯ ಬಂದು ಹೋದ ಎದೆಯ ಹುಡುಗನಿಗೆ ಅದನ್ನು ಕಲಿಸಲು ಹಿಂಜರಿದರೆ ಅದರಲ್ಲಿ ತಪ್ಪೇನೂ ಕಾಣುವುದಿಲ್ಲ.

ಯೋಗದ ಹಳೆಯ ಸಂಸ್ಕೃತ ಗ್ರಂಥ ಹಠಯೋಗ ಪ್ರದೀಪಿಕೆಯೂ ಹೇಳುವುದು ಇದನ್ನೇ. ಎರಡನೆಯ ಅಧ್ಯಾಯ ಶುರುವಾಗುವುದೇ 'ಅಥಾಸನೇ ದೃಢೇ' ಎಂದು: ಆಸನ ಗಟ್ಟಿಯಾದ ಮೇಲೆ, ಹಿತಮಿತವಾಗಿ ಉಣ್ಣುತ್ತಾ, ಗುರು ಹೇಳಿದಂತೆ ಪ್ರಾಣಾಯಾಮ ಮಾಡಬೇಕು. ಸಿಂಹ, ಆನೆ, ಹುಲಿಯನ್ನು ಹೇಗೆ 'ಶನೈಃ ಶನೈಃ' ಪಳಗಿಸುತ್ತಾರೋ ಹಾಗೆ ಉಸಿರನ್ನು ಪಳಗಿಸಬೇಕು, ಇಲ್ಲದಿದ್ದರೆ ಅದು ಸಾಧಕನನ್ನೇ ಕೊಲ್ಲುತ್ತದೆ ಅನ್ನುತ್ತದೆ ಅದೇ ಅಧ್ಯಾಯದ ಇನ್ನೊಂದು ಶ್ಲೋಕ. ಸರಿಯಾಗಿ ಮಾಡಿದರೆ ಎಲ್ಲ ರೋಗ ಹೋಗುತ್ತದೆ ಎನ್ನುವ ಸಾಲನ್ನು ಮಾತ್ರ ಎತ್ತಿ ಹೇಳುವವರು ಜಾಸ್ತಿ. ತಪ್ಪಾಗಿ ಮಾಡಿದರೆ ಎಲ್ಲ ರೋಗ ಬರುತ್ತದೆ ಎನ್ನುವುದು ಆ ಸಾಲು ಇರುವ ಶ್ಲೋಕದ ಇನ್ನೊಂದು ಅರ್ಧ.

ಭಾವ ಎಡವಿದ್ದು ಒಂದೇ ಕಡೆ. 'ಈಗ ಬೇಡ' ಎನ್ನಬೇಕಾದಲ್ಲಿ 'ಎಂದೂ ಆಗದು' ಎಂದರು. ಆ ಎದೆ ತೆರೆದುಕೊಳ್ಳಬಹುದು ಎಂಬ ಲೆಕ್ಕ ಅವರಲ್ಲಿ ಇರಲಿಲ್ಲ.

ನಾಲ್ಕು ಗಂಟೆಯ ಕಾಫಿ

1944ರಲ್ಲಿ ಅಯ್ಯಂಗಾರ್ ಒಬ್ಬರೇ ಶುರು ಮಾಡಿದರು. ಮದುವೆಯಾಗಿತ್ತು, ಪುಣೆಯಲ್ಲಿ ಬಾಡಿಗೆ ಮನೆ. ಬೆಳಗಿನ ಜಾವ ನಾಲ್ಕಕ್ಕೆ ಏಳುವುದು, ಹೆಂಡತಿ ರಮಾಮಣಿಯವರ ಜೊತೆ ಕಾಫಿ, ಆಮೇಲೆ ಕೂರುವುದು. ಎಷ್ಟೋ ದಿನ ಕಾಫಿ ಕುಡಿದು ಮತ್ತೆ ಮಲಗಿಬಿಡುತ್ತಿದ್ದರಂತೆ. ಎಂಥ ಯೋಗಿಗೂ ಪುಣೆಯ ಚಳಿ ಚಳಿಯೇ ಅಲ್ವಾ. ಕೂತ ದಿನ ಮೂರ್ನಾಲ್ಕು ನಿಮಿಷಕ್ಕೆ ಏದುಸಿರು. ಬಾಯಿ ತಾನಾಗಿ ತೆರೆದುಕೊಳ್ಳುವುದು, ಬೆನ್ನು ಕುಸಿಯುವುದು. ಸಾಕು ಎಂದು ಏಳುವುದು. ಒಂದು ದಿನ ಗಂಟಲಲ್ಲಿ ಸಣ್ಣ ಸದ್ದಾಗುವಂತೆ ಉಸಿರಾಡುವ ಉಜ್ಜಾಯಿ, ಇನ್ನೊಂದು ದಿನ ಮತ್ತೊಂದು. ಯಾವುದೂ ಹಿಡಿತಕ್ಕೆ ಬರಲಿಲ್ಲ. ಹೇಳಿಕೊಡುವವರು ಇಲ್ಲ, ಪುಸ್ತಕದಲ್ಲಿ ಇರುವ ಶ್ಲೋಕಕ್ಕೂ ತನ್ನ ಎದೆಗೂ ತಾಳೆಯಾಗುತ್ತಿಲ್ಲ.

ಇಲ್ಲಿ ಗಮನಿಸಬೇಕಾದ ವಿಚಿತ್ರ ಏನಂದರೆ, ಇದೇ ಮನುಷ್ಯ ಹಗಲಿನಲ್ಲಿ ಗಂಟೆಗಟ್ಟಲೆ ಆಸನ ಮಾಡುತ್ತಿದ್ದರು. ಬೆನ್ನನ್ನು ಬಿಲ್ಲಿನ ಹಾಗೆ ಬಗ್ಗಿಸುತ್ತಿದ್ದರು. ನೋಡಿದವರು ಬಾಯಿಮೇಲೆ ಬೆರಳು ಇಡುತ್ತಿದ್ದರು. 1952ರಲ್ಲಿ ಪಿಟೀಲು ವಾದಕ ಯೆಹೂದಿ ಮೆನುಹಿನ್ ಇವರನ್ನು ಭೇಟಿಯಾದ ಮೇಲೆ ಯುರೋಪಿಗೂ ಹೋಗಿ ಬಂದರು, ಹೆಸರಾಯಿತು. ಬೆಳಗಿನ ಜಾವದ ಆ ಕೂರುವಿಕೆ ಮಾತ್ರ ಹಾಗೇ ತೊಂದರೆ ಕೊಡುತ್ತಲೇ ಇತ್ತು. ಅರವತ್ತರ ದಶಕದ ಶುರುವಿನ ತನಕ ತನಗೆ ಪ್ರಾಣಾಯಾಮದಲ್ಲಿ ನೆಮ್ಮದಿ ಸಿಗಲಿಲ್ಲ ಎಂದು ಅವರೇ ಹೇಳಿಕೊಂಡಿದ್ದಾರೆ. 1944ರಿಂದ ಎಣಿಸಿ ನೋಡಿ.

ಮೈ ಅಷ್ಟು ಬಗ್ಗುತ್ತಿದ್ದರೂ ಉಸಿರು ಯಾಕೆ ಒಗ್ಗಲಿಲ್ಲ? ನನಗೆ ಕಾಣುವುದು ಇಷ್ಟು. ಪ್ರದರ್ಶನದ ಆಸನಕ್ಕೆ ಬೇಕಾದದ್ದು ಬಗ್ಗುವ ಬೆನ್ನು. ಪ್ರಾಣಾಯಾಮಕ್ಕೆ ಬೇಕಾದದ್ದು ಅಲುಗಾಡದೆ ಅರ್ಧ ಗಂಟೆ ನಿಲ್ಲುವ ಬೆನ್ನು. ಇವೆರಡು ಒಂದೇ ಅಲ್ಲ. ತಿರುಗಿ, ಮಡಚಿ, ಹಿಂದಕ್ಕೆ ಬಾಗಿ ಮೆತ್ತಗಾದ ಬೆನ್ನು ಸುಮ್ನೆ ಕೂರಿಸಿದರೆ ಸೊಂಟದ ಹತ್ತಿರ ಕುಸಿಯುತ್ತದೆ. ಅದು ಕುಸಿದ ಕೂಡಲೇ ಎದೆಯ ಮೂಳೆ ಇಳಿಯುತ್ತದೆ, ಪಕ್ಕೆಲುಬು ಹಿಗ್ಗಲು ಜಾಗ ಇರುವುದಿಲ್ಲ, ವಪೆ (ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುವಿನ ಪರದೆ) ಕೆಳಗಿಳಿಯಲು ಹೋದರೆ ಹೊಟ್ಟೆ ಅಡ್ಡ ಬರುತ್ತದೆ. ಆಗ ಉಸಿರನ್ನು ಕತ್ತಿನ ಸ್ನಾಯುಗಳು ಎಳೆಯತೊಡಗುತ್ತವೆ. ಭುಜ ಏರುತ್ತದೆ, ದವಡೆ ಬಿಗಿಯುತ್ತದೆ, ಹುಬ್ಬು ಗಂಟಿಕ್ಕುತ್ತದೆ. ಗುರುವಿನ ಮುಖದ ಸ್ನಾಯುವನ್ನು ಕಿಟಕಿಯಿಂದ ಅಷ್ಟು ದಿಟ್ಟಿಸಿದ್ದು ಸುಮ್ಮನೆ ಅಲ್ಲ. ಎದೆ ಕೆಲಸ ಮಾಡದಿದ್ದಾಗ ಅದರ ಪಾಲಿನ ಕೆಲಸವನ್ನು ಮುಖ ಮಾಡುತ್ತಿರುತ್ತದೆ. ನೀವೇ ಯಾರನ್ನಾದರೂ ಪಾರ್ಕಿನಲ್ಲಿ ಅನುಲೋಮ ವಿಲೋಮ ಮಾಡುವಾಗ ನೋಡಿ, ಹಣೆಯ ಗೆರೆ ನೋಡಿದರೆ ಸಾಕು, ಬೆನ್ನು ನೋಡಬೇಕಾಗಿಲ್ಲ.

ಇನ್ನೊಂದು ಲೆಕ್ಕ ಇದೆ. ಆರಾಮಾಗಿ ಕೂತಾಗ ನಾವು ಒಂದು ಸಲ ಎಳೆಯುವ ಗಾಳಿ ಸುಮಾರು 500 ಮಿಲಿ ಲೀಟರ್. ಅದರಲ್ಲಿ 150ರಷ್ಟು ಮೂಗು, ಗಂಟಲು, ಗಾಳಿಕೊಳವೆಗಳಲ್ಲೇ ಉಳಿದು ವಾಪಸ್ ಬರುತ್ತದೆ. ರಕ್ತದ ಹತ್ತಿರ ಹೋಗುವುದೇ ಇಲ್ಲ. ನಿಮಿಷಕ್ಕೆ 12 ಸಲ ಉಸಿರಾಡಿದರೆ ಕೆಲಸಕ್ಕೆ ಬರುವ ಗಾಳಿ 4200 ಮಿಲಿ ಲೀಟರ್. ಅದೇ ಆರು ಲೀಟರ್ ಗಾಳಿಯನ್ನು ನಿಮಿಷಕ್ಕೆ 6 ಸಲ, ಒಂದೊಂದು ಲೀಟರಿನಂತೆ ಎಳೆದರೆ 5100. ನಿಮಿಷಕ್ಕೆ 24 ಸಲ ಚಿಕ್ಕ ಚಿಕ್ಕದಾಗಿ 250 ಎಳೆದರೆ ಬರೀ 2400. ನಿಧಾನದ, ಆಳದ ಉಸಿರು ಯಾಕೆ ಒಳ್ಳೆಯದು ಎನ್ನುವುದಕ್ಕೆ ಇದಕ್ಕಿಂತ ಸರಳ ಉತ್ತರ ನನಗೆ ಗೊತ್ತಿಲ್ಲ. ಆದರೆ ಒಂದು ಲೀಟರ್ ಎಳೆಯಬೇಕಾದರೆ ಎದೆ ಅಷ್ಟು ಹಿಗ್ಗಬೇಕಲ್ಲ! ಹಿಗ್ಗದ ಎದೆಯವನಿಗೆ ನಿಧಾನ ಉಸಿರು ಅಂದರೆ ಕಡಿಮೆ ಗಾಳಿ ಅಷ್ಟೇ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರುತ್ತದೆ, ಮೆದುಳು ಗಾಬರಿಯಾಗಿ ಬಾಯಿ ತೆರೆಸುತ್ತದೆ. ಮೂರ್ನಾಲ್ಕು ನಿಮಿಷದ ಏದುಸಿರು ಅದೇ. ಇಚ್ಛಾಶಕ್ತಿ ಇಲ್ಲ ಅಂತ ಅಲ್ಲ. ಆ ಮನುಷ್ಯನಲ್ಲಿ ಇಚ್ಛಾಶಕ್ತಿಗೆ ಬರ ಇತ್ತು ಎಂದು ಯಾರೂ ಹೇಳಲಾರರು.

ಕೂರುವ ಮೊದಲು ಮಲಗಿ

ಪ್ರಕರಣ ತಿರುಗಿದ್ದು ಎದೆಯನ್ನು ಮೊದಲು ತೆರೆಸಿ, ಬೆನ್ನಿಗೆ ಬಲ ಬರಿಸಿ, ಆಮೇಲೆ ಉಸಿರಿನ ಹತ್ತಿರ ಹೋದಾಗ. ತಾನು ಪಟ್ಟ ಪಾಡನ್ನು ಅಯ್ಯಂಗಾರ್ ಕಲಿಸುವ ಕ್ರಮವಾಗಿ ಮಾಡಿದರು. ಅವರ ಪದ್ಧತಿಯಲ್ಲಿ ಹೊಸಬರಿಗೆ ಮೊದಲು ನಿಂತು ಮಾಡುವ ಆಸನ: ತ್ರಿಕೋನಾಸನ, ಪಾರ್ಶ್ವಕೋನಾಸನ ಇಂಥವು. ಪಕ್ಕೆಲುಬುಗಳ ನಡುವಿನ ಜಾಗ ಅಲ್ಲೇ ಬಿಡಿಸಿಕೊಳ್ಳುತ್ತದೆ. ಆಮೇಲೆ ಸರ್ವಾಂಗಾಸನ ಮುಂತಾದವು. ಪ್ರಾಣಾಯಾಮ ಶುರುವಾಗುವುದು ಕೂತಲ್ಲ, ಮಲಗಿ.

ಮಲಗುವುದರಲ್ಲೂ ಒಂದು ಕ್ರಮ ಇದೆ. ಕಂಬಳಿಯನ್ನು ಉದ್ದಕ್ಕೆ, ಅಗಲ ಕಡಿಮೆ ಇರುವಂತೆ ಮಡಚಬೇಕು. ಅದನ್ನು ಬೆನ್ನುಮೂಳೆಯ ಉದ್ದಕ್ಕೂ, ಸೊಂಟದ ಮೇಲಿನಿಂದ ತಲೆಯ ತನಕ ಇಟ್ಟು ಅದರ ಮೇಲೆ ಮಲಗಬೇಕು. ಪೃಷ್ಠ ನೆಲದ ಮೇಲೆ. ತಲೆಯ ಕೆಳಗೆ ಇನ್ನೊಂದು ಕಂಬಳಿ, ಹಣೆ ಗದ್ದಕ್ಕಿಂತ ಕೊಂಚ ಮೇಲೆ ಬರುವ ಹಾಗೆ. ಗದ್ದ ಮೇಲೆದ್ದರೆ ಗಂಟಲು ಬಿಗಿಯುತ್ತದೆ, ಮನಸ್ಸು ಓಡುತ್ತದೆ. ಭುಜಗಳು ಕಂಬಳಿಯ ಎರಡೂ ಬದಿಗೆ ಇಳಿದು ಎದೆ ತಾನಾಗಿ ಅಗಲವಾಗುತ್ತದೆ. ಕಣ್ಣಿನ ಮೇಲೆ ಮೆತ್ತನೆ ಬಟ್ಟೆ. ಎದೆ ಎತ್ತಿ ಹಿಡಿಯುವ ಕೆಲಸವನ್ನು ಈಗ ಕಂಬಳಿ ಮಾಡುತ್ತಿದೆ. ಮಲಗಿದವನು ಮಾಡಬೇಕಾದದ್ದು ಉಸಿರಾಟ ಮಾತ್ರ. ಬೆನ್ನು ಕುಸಿಯುವ ಪ್ರಶ್ನೆಯೇ ಇಲ್ಲ. ಪುಣೆಯ ಆ ಮೂರ್ನಾಲ್ಕು ನಿಮಿಷಗಳಲ್ಲಿ ಇಲ್ಲದೇ ಇದ್ದದ್ದು ಇದೇ ಆಸರೆ.

ಮೊದಲು ಉಸಿರನ್ನು ನೋಡುತ್ತಾ ಇರುವುದು, ಅಷ್ಟೇ. ಆಮೇಲೆ ಬಿಡುವ ಉಸಿರನ್ನು ಉದ್ದ ಮಾಡುವುದು. ಎಳೆಯುವುದನ್ನು ಉದ್ದ ಮಾಡುವುದು ಅದಾದ ಮೇಲೆ. ಆಮೇಲೆ ವಿಲೋಮ: ಒಂದೇ ಸಲಕ್ಕೆ ಪೂರ್ತಿ ಎಳೆಯದೆ, ಒಂದಿಷ್ಟು ಎಳೆದು ಒಂದೆರಡು ಕ್ಷಣ ನಿಂತು, ಮತ್ತೆ ಒಂದಿಷ್ಟು, ಹೀಗೆ ಮೆಟ್ಟಿಲು ಮೆಟ್ಟಿಲಾಗಿ. ದಣಿದವರಿಗೆ, ಎದೆ ಬಿಗಿ ಇರುವವರಿಗೆ ಇದು ಸುಲಭ, ಯಾಕೆಂದರೆ ದೊಡ್ಡ ಉಸಿರಿನ ಹೊರೆ ಒಮ್ಮೆಗೇ ಬೀಳುವುದಿಲ್ಲ. ನಡುವೆ ಬೇಕಾದಷ್ಟು ಮಾಮೂಲಿ ಉಸಿರು. ಬೆರಳಿನಿಂದ ಮೂಗು ಹಿಡಿಯುವುದು ಇದೆಲ್ಲ ಆದ ಮೇಲಿನ ಮಾತು. ಅದೂ ಹೊಳ್ಳೆಯನ್ನು ಪೂರ್ತಿ ಒತ್ತಿ ಮುಚ್ಚುವುದಲ್ಲ. ಮೂಗಿನ ಗಟ್ಟಿ ಮೂಳೆ ಮುಗಿದು ಮೆತ್ತನೆ ಭಾಗ ಶುರುವಾಗುತ್ತದಲ್ಲ, ಆ ಕೆಳಗಿನ ತಗ್ಗಿನಲ್ಲಿ ಒಂದು ಕಡೆ ಹೆಬ್ಬೆರಳ ತುದಿ, ಇನ್ನೊಂದು ಕಡೆ ಉಂಗುರ ಬೆರಳು ಮತ್ತು ಕಿರುಬೆರಳ ತುದಿ. ಉಗುರು ಕತ್ತರಿಸಿರಬೇಕು. ನಲ್ಲಿ ತಿರುಗಿಸಿದ ಹಾಗೆ ಗಾಳಿಯ ದಾರಿಯನ್ನು ಕೂದಲೆಳೆಯಷ್ಟು ಕಿರಿದು ಮಾಡುವುದು. ಆಗ ಉಸಿರು ತಾನೇ ನಿಧಾನವಾಗುತ್ತದೆ.

ಕೂರಲು ಶುರು ಮಾಡಿದಾಗ ಜಾಲಂಧರ ಬಂಧ. ಎದೆಯನ್ನು ಎತ್ತಿ ಗದ್ದವನ್ನು ಇಳಿಸಿ ಕಾಲರ್ ಮೂಳೆಗಳ ನಡುವಿನ ತಗ್ಗಿಗೆ ತಾಗಿಸುವುದು. ಎಷ್ಟೋ ಜನ ಕತ್ತು ಮುರಿದು ಗದ್ದವನ್ನು ಕೆಳಗೆ ತಳ್ಳುತ್ತಾರೆ. ಎದೆ ಮೇಲೆ ಬರದಿದ್ದರೆ ಗದ್ದ ಎಷ್ಟು ಇಳಿದರೂ ತಾಗುವುದಿಲ್ಲ, ತಾಗಿಸಿದರೆ ಕತ್ತು ನೋವು. ಎದೆ ತಯಾರಾಗಿದೆಯೋ ಇಲ್ಲವೋ ಅನ್ನುವುದಕ್ಕೆ ಇದೇ ಒಳ್ಳೆ ಪರೀಕ್ಷೆ. ಕುಂಭಕ ಇದೆಲ್ಲ ಆಗಿ ವರ್ಷಗಳ ಮೇಲೆ. ಜೋರಾಗಿ ಉಸಿರು ಹೊರಹಾಕುವ ಕಪಾಲಭಾತಿ, ಭಸ್ತ್ರಿಕಾ ಕೂಡ ಹೊಸಬರ ಪಾಠದಲ್ಲಿ ಇಲ್ಲ.

ಆಸನದ ಮೇಲಿನ ಅವರ ದೊಡ್ಡ ಪುಸ್ತಕ 1966ರಲ್ಲಿ ಬಂತು. ಅದರಲ್ಲೂ ಪ್ರಾಣಾಯಾಮದ ಭಾಗ ಇದೆ. ಆದರೆ ಪ್ರಾಣಾಯಾಮಕ್ಕೇ ಮೀಸಲಾದ ಪುಸ್ತಕ ಬಂದದ್ದು 1981ರಲ್ಲಿ, ಹದಿನೈದು ವರ್ಷ ತಡವಾಗಿ. ಅದರಲ್ಲಿ ಮಲಗಿ ಮಾಡುವ ಕ್ರಮ, ಹಲಗೆ ದಿಂಬುಗಳ ಚಿತ್ರ ಎಲ್ಲ ಇವೆ. ಈ ಜನ್ಮದಲ್ಲಿ ಆಗದು ಎಂದು ಕೇಳಿಸಿಕೊಂಡವನು ಅರವತ್ತು ದಾಟಿದ ಮೇಲೆ ಬರೆದದ್ದು.

ಮನಸ್ಸಿನ ಕಡೆಯ ಲಾಭ

ಆಧ್ಯಾತ್ಮಿಕ ಲಾಭ ಏನಾಯಿತು ಎಂದು ಕೇಳಿದರೆ ಅಳೆಯುವುದು ಕಷ್ಟ. ಅಯ್ಯಂಗಾರ್ ಶ್ರೀವೈಷ್ಣವ ಮನೆತನದ, ನೇಮನಿಷ್ಠೆಯ ಮನುಷ್ಯ. ಅವರ ಪಾಲಿಗೆ ಉಸಿರು ಬರೀ ಗಾಳಿ ಆಗಿರಲಿಲ್ಲ. ಯೋಗಸೂತ್ರಗಳಲ್ಲಿ ಪತಂಜಲಿ ಹೇಳುವುದು ಮಾತ್ರ ಬಹಳ ಅಳತೆಯ ಮಾತು. ಪ್ರಾಣಾಯಾಮದಿಂದ ಬೆಳಕಿನ ಮೇಲಿನ ಮುಸುಕು ತೆಳುವಾಗುತ್ತದೆ, ಮನಸ್ಸು ಧಾರಣೆಗೆ ಯೋಗ್ಯವಾಗುತ್ತದೆ. ಅಷ್ಟೇ. ಕುಂಡಲಿನಿ ಎದ್ದು ಕುಣಿಯುತ್ತದೆ ಎಂದು ಆ ಸೂತ್ರಗಳಲ್ಲಿ ಎಲ್ಲೂ ಇಲ್ಲ. ಮನಸ್ಸು ಒಂದು ಕಡೆ ನಿಲ್ಲಲು ತಯಾರಾಗುತ್ತದೆ ಎನ್ನುವುದು ಸಣ್ಣ ಮಾತು, ಆದರೆ ಮಾಡಿ ನೋಡಿದವರು ಒಪ್ಪುವ ಮಾತು.

ಇದಕ್ಕೆ ದೇಹದ ಕಡೆಯಿಂದಲೂ ಒಂದು ವಿವರಣೆ ಇದೆ. ಉಸಿರು ಎಳೆದಾಗ ಹೃದಯದ ಬಡಿತ ಸ್ವಲ್ಪ ಜೋರಾಗುತ್ತದೆ, ಬಿಟ್ಟಾಗ ನಿಧಾನವಾಗುತ್ತದೆ. ಅದಕ್ಕೇ ಬಿಡುವ ಉಸಿರು ಉದ್ದವಾದಷ್ಟೂ ಮೈ ಸಮಾಧಾನಕ್ಕೆ ಬರುತ್ತದೆ. 2001ರಲ್ಲಿ ಇಟಲಿಯ ಪಾವಿಯಾದ ಲುಚಾನೊ ಬರ್ನಾರ್ಡಿ ಮತ್ತು ಸಂಗಡಿಗರು ಒಂದು ಅಧ್ಯಯನ ಪ್ರಕಟಿಸಿದರು. ಕ್ರೈಸ್ತರ ಜಪಮಾಲೆಯ ಪ್ರಾರ್ಥನೆ ಹೇಳಿದರೂ, 'ಓಂ ಮಣಿ ಪದ್ಮೇ ಹುಂ' ಹೇಳಿದರೂ ಉಸಿರು ನಿಮಿಷಕ್ಕೆ ಆರರ ಹತ್ತಿರ ಬಂದು ನಿಲ್ಲುತ್ತದೆ, ರಕ್ತದೊತ್ತಡವನ್ನು ಸಂಭಾಳಿಸುವ ದೇಹದ ವ್ಯವಸ್ಥೆ ಚುರುಕಾಗುತ್ತದೆ ಎಂದು ಅದು ತೋರಿಸಿತು. ನಮ್ಮ ಮನೆಗಳಲ್ಲಿ ಸಂಧ್ಯಾವಂದನೆ, ಸಹಸ್ರನಾಮ ಹೇಳುತ್ತಿದ್ದ ಅಜ್ಜ ಅಜ್ಜಿಯರಿಗೆ ಇದನ್ನು ಹೇಳಿದ್ದರೆ ನಕ್ಕುಬಿಡುತ್ತಿದ್ದರು.

ಈ ಒಂದು ಪ್ರಕರಣವನ್ನು ಎಷ್ಟು ನಂಬುವುದು

ಒಬ್ಬ ಮನುಷ್ಯನ ಕಥೆಯಿಂದ ಪ್ರಾಣಾಯಾಮ ಕ್ಷಯವನ್ನು ವಾಸಿ ಮಾಡುತ್ತದೆ ಎಂದು ಹೊರಡಬಾರದು. ಅಯ್ಯಂಗಾರರ ಕಾಯಿಲೆ ಹೋದದ್ದು ಪ್ರಾಣಾಯಾಮಕ್ಕೆ ಮುಂಚೆಯೇ. ಪ್ರಾಣಾಯಾಮ ಹಿಡಿತಕ್ಕೆ ಬರುವ ಹೊತ್ತಿಗೆ ಅವರು ನಲವತ್ತು ದಾಟಿದ ಆರೋಗ್ಯವಂತ ಗಂಡಸು. ಹಾಗಾಗಿ ಉಸಿರು ಮೈಯನ್ನು ಸರಿಮಾಡಿತು ಎನ್ನುವುದಕ್ಕಿಂತ, ಮೈ ಸರಿಯಾದ ಮೇಲೆ ಉಸಿರು ಬಂತು ಎನ್ನುವುದೇ ಈ ಪ್ರಕರಣಕ್ಕೆ ಹತ್ತಿರ. ಜೊತೆಗೆ ಇದು ಗೆದ್ದವನು ಗೆದ್ದ ಮೇಲೆ ಹೇಳಿದ ಕಥೆ. ಅದೇ ಹೊತ್ತಿನಲ್ಲಿ ಒಬ್ಬರೇ ಶುರು ಮಾಡಿ ಸೋತು ಕೈಬಿಟ್ಟವರು ಯಾರೂ ಪುಸ್ತಕ ಬರೆಯಲಿಲ್ಲ.

ಅವರು ಕಾಯಿಲೆಯೇ ಬೀಳದ ಮನುಷ್ಯರೂ ಆಗಿರಲಿಲ್ಲ. 1996ರಲ್ಲಿ ಹೃದಯಾಘಾತವಾಯಿತು. ಆಮೇಲೆ ದಿಂಬು, ಕುರ್ಚಿ, ಹಗ್ಗಗಳ ಆಸರೆಯಲ್ಲಿ ಅಭ್ಯಾಸ ಮುಂದುವರಿಸಿದರು. ತೊಂಬತ್ತು ದಾಟಿದರೂ ಬಿಡಲಿಲ್ಲ. 2014ರ ಆಗಸ್ಟ್ 20ರಂದು, 95ನೇ ವಯಸ್ಸಿನಲ್ಲಿ, ಪುಣೆಯಲ್ಲಿ ತೀರಿಕೊಂಡರು. ಬೇಡ ಎಂದ ಭಾವ ನೂರು ವರ್ಷ ಬದುಕಿ 1989ರಲ್ಲಿ ಹೋದರು.

ಇವತ್ತು ಶುರು ಮಾಡುವವರಿಗೆ

ಈಗ ಆಗುತ್ತಿರುವುದು ಸರಿಯಾಗಿ ಇದರ ತಲೆಕೆಳಗು. ಎದ್ದ ಕೂಡಲೇ, ಬೆನ್ನು ಬಗ್ಗಿಸಿಕೊಂಡು, ಸೋಫಾದ ಮೇಲೆ ಕೂತು ಭಸ್ತ್ರಿಕಾ. ಜೋರಾಗಿ ಊದಿದಷ್ಟೂ ಒಳ್ಳೆಯದು ಎಂಬ ನಂಬಿಕೆ. ಹಾಗೆ ಊದಿದಾಗ ರಕ್ತದ ಇಂಗಾಲದ ಡೈಆಕ್ಸೈಡ್ ಇಳಿದು, ಮೆದುಳಿನ ರಕ್ತನಾಳ ಕಿರಿದಾಗಿ ತಲೆ ಹಗುರವಾಗುತ್ತದೆ, ಬೆರಳ ತುದಿ ಜುಮ್ಮೆನ್ನುತ್ತದೆ. ಅದನ್ನೇ ಶಕ್ತಿ ಏರಿತು ಎಂದುಕೊಳ್ಳುವವರಿದ್ದಾರೆ. 2004ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದು ಕಪಾಲಭಾತಿ ಮಾಡುತ್ತಿದ್ದ 29 ವರ್ಷದ ಹೆಂಗಸಿನ ಪ್ರಕರಣ ಪ್ರಕಟಿಸಿತ್ತು. ಶ್ವಾಸಕೋಶದಿಂದ ಗಾಳಿ ಎದೆಗೂಡಿಗೆ ಸೋರಿ ಶ್ವಾಸಕೋಶ ಕುಗ್ಗಿತ್ತು. ಇಂಥದ್ದು ಅಪರೂಪ. ಆದರೆ ಹಳೆ ಕ್ಷಯದ ಕಲೆ, ತುಂಬಾ ವರ್ಷದ ಬೀಡಿ ಸಿಗರೇಟು, ಉಬ್ಬಸ ಇದ್ದವರು ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಬಿಪಿ ಜಾಸ್ತಿ ಇದ್ದವರು, ಬಸುರಿಯರು, ಕಣ್ಣಿನ ಒತ್ತಡದ ತೊಂದರೆ ಇದ್ದವರು ಉಸಿರು ಕಟ್ಟುವುದನ್ನೂ ಜೋರಾಗಿ ಊದುವುದನ್ನೂ ಬಿಡುವುದೇ ವಾಸಿ.

ಮಲಗಿ, ಎದೆಯ ಕೆಳಗೆ ಕಂಬಳಿ ಇಟ್ಟು, ಬಿಡುವ ಉಸಿರನ್ನು ನಿಧಾನ ಮಾಡುವುದರಲ್ಲಿ ಬಹುತೇಕ ಎಲ್ಲರಿಗೂ ಅಪಾಯ ಕಡಿಮೆ. ಹೊಟ್ಟೆ ಖಾಲಿ ಇರಲಿ. ದಮ್ಮು ಕಟ್ಟಿದಂತಾದರೆ, ಕಿವಿಯಲ್ಲಿ ಗುಂಯ್ ಎಂದರೆ, ಮುಖ ಬಿಸಿಯಾದರೆ ಆ ದಿನಕ್ಕೆ ಅಲ್ಲಿಗೆ ಬಿಟ್ಟು ಸುಮ್ನೆ ಮಲಗಬೇಕು. ಉಬ್ಬಸದ ಇನ್‌ಹೇಲರ್, ಬಿಪಿ ಮಾತ್ರೆ ಇವನ್ನು ಉಸಿರಾಟ ಚೆನ್ನಾಗಾಯಿತು ಎಂದು ತಾವೇ ನಿಲ್ಲಿಸುವುದು ಬೇಡ. ಎರಡು ವಾರಕ್ಕಿಂತ ಜಾಸ್ತಿ ಕೆಮ್ಮು ಇದ್ದರೆ ಮೊದಲು ಕಫ ಪರೀಕ್ಷೆ. ಈಗ ಸಾಮಾನ್ಯ ಕ್ಷಯ ಆರು ತಿಂಗಳ ಮಾತ್ರೆಗೆ ವಾಸಿಯಾಗುತ್ತದೆ, ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ. 1934ರ ಮೈಸೂರಿನಲ್ಲಿ ಅದು ಯಾರಿಗೂ ಸಿಗುತ್ತಿರಲಿಲ್ಲ. ಮಾತ್ರೆ ಮುಗಿದ ಮೇಲೆ ಎದೆಯ ಎಕ್ಸ್‌ರೇ ತೋರಿಸಿ, ಡಾಕ್ಟರನ್ನು ಕೇಳಿ, ಮೊದಲು ನಿಂತು ಮಾಡುವ ಆಸನ ಶುರು ಮಾಡಬಹುದು.

ಪುಣೆಯಲ್ಲಿ 1975ರಲ್ಲಿ ಶುರುವಾದ, ಹೆಂಡತಿಯ ಹೆಸರಿನ ರಮಾಮಣಿ ಅಯ್ಯಂಗಾರ್ ಸ್ಮಾರಕ ಯೋಗ ಸಂಸ್ಥೆಯ ತರಗತಿಗಳಲ್ಲಿ ತಿಂಗಳಿಗೆ ಒಂದು ಕ್ರಮ ಇದೆ. ಮೊದಲ ವಾರ ನಿಂತು ಮಾಡುವ ಆಸನ, ಆಮೇಲೆ ಮುಂದಕ್ಕೆ ಬಾಗುವುದು, ಹಿಂದಕ್ಕೆ ಬಾಗುವುದು. ಪ್ರಾಣಾಯಾಮ ಕೊನೆಯ ವಾರ.